ಹದಿನಾಲ್ಕು ಕೇಸ್, ಒಂದೇ ಬೆನ್ನು

ನಾನು ಲೈಸನ್ಸ್ ತೆಗೆದದ್ದು 2005ರಲ್ಲಿ. ಆಗ ಇಪ್ಪತ್ತು ವರ್ಷಕ್ಕೆ ಒಮ್ಮೆಲೇ ಕೊಡುತ್ತಿದ್ದರು. ಕಾರ್ಡಿನ ಮೇಲೆ 2025 ಅಂತ ಇಸವಿ ನೋಡಿ ನಾನೂ ನನ್ನ ಗೆಳತಿಯೂ ನಕ್ಕಿದ್ದೆವು. ಅಷ್ಟೊತ್ತಿಗೆ ನಾವು ಮುದುಕಿಯರಾಗಿರ್ತೀವಿ ಅಂತ. ಮುದುಕಿ ಆಗಲಿಲ್ಲ, ನಲವತ್ತಾಯಿತು. ಮೇ 17ಕ್ಕೆ ಅವಧಿ ಮುಗಿಯುತ್ತದೆ ಅಂತ ಏಪ್ರಿಲ್‌ನಲ್ಲಿ ನೆನಪಾಗಿ, ನವೀಕರಣಕ್ಕೆ ಅರ್ಜಿ ಹಾಕಲು ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ಒಂದು ಆನ್‌ಲೈನ್ ಅಂಗಡಿಗೆ ಹೋದೆ. ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ.

ಅಂಗಡಿಯ ಹುಡುಗ ನನ್ನ ನಂಬರ್ ಹಾಕಿದ. ಮತ್ತೆ ಹಾಕಿದ.

"ಅಕ್ಕಾರ, ಇದು ಮುಂದ ಹೋಗವಲ್ದರಿ."

"ಯಾಕಪಾ, ನೆಟ್ ಇಲ್ಲೇನು?"

"ನೆಟ್ ಅದರಿ. ನಿಮ್ಮ ಲೈಸನ್ಸೇ ಬಂದ್ ಅದ. ಸಸ್ಪೆಂಡ್ ಅಂತ ತೋರಸ್ಲತ್ತದ."

ಹಿಂದೆ ಸಾಲಿನಲ್ಲಿ ನಾಲ್ಕೈದು ಜನ ನಿಂತಿದ್ದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ನಿಂತಿದ್ದೆ. ಹುಡುಗ ಒಳ್ಳೆಯವನು, ದನಿ ಇಳಿಸಿ ಹೇಳಿದ: "ಗಾಡಿ ನಂಬರ್ ಹೇಳ್ರಿ. ಕೇಸ್ ಏನರ ಅವ ಏನು ನೋಡ್ತೀನಿ."

ಈಗಿನ ಸ್ಕೂಟಿ ನಂಬರ್ ಹೇಳಿದೆ. ಅದರ ಮೇಲೆ ಏನೂ ಬಾಕಿ ಇರಲಿಲ್ಲ. "ಬ್ಯಾರೆ ಗಾಡಿ ಅದ ಏನ್ರಿ ನಿಮ್ಮ ಹೆಸರ ಮ್ಯಾಲ?" ಅಂದ. ಇಲ್ಲ ಅನ್ನುವಷ್ಟರಲ್ಲಿ ನನ್ನ ಮೊದಲ ಸ್ಕೂಟಿ ನೆನಪಾಯಿತು. 2019ರಲ್ಲೇ ಕೊಟ್ಟುಬಿಟ್ಟ ಗಾಡಿ. ನಂಬರ್ ಮಾತ್ರ ಈಗಲೂ ಬಾಯಿಪಾಠ. ಮೊದಲನೇ ಗಾಡಿ ನಂಬರ್ ಯಾರು ಮರೀತಾರೆ? ಕೆಎ 32 ಅಂತ ಶುರು ಮಾಡಿ ಹೇಳಿದೆ. ಪರದೆ ತುಂಬಾ ಸಾಲು ಬಂತು. ಹುಡುಗ ಬೆರಳಿಟ್ಟು ಎಣಿಸಿದ. ಹದಿನಾಲ್ಕು. ಒಂದೊಂದಕ್ಕೆ 500 ರೂಪಾಯಿ. ಒಟ್ಟು 7000.

ಸಿಲ್ಕ್ ಬೋರ್ಡ್, ಹೆಬ್ಬಾಳ, ಮಾರತಹಳ್ಳಿ, ಕೆ.ಆರ್. ಪುರ. ನಾನು ಬೆಂಗಳೂರಿಗೆ ಹೋದದ್ದು ಇಡೀ ಜನ್ಮದಲ್ಲಿ ಮೂರು ಸಲ. ಮಾರತಹಳ್ಳಿ ಯಾವ ದಿಕ್ಕಿಗಿದೆ ಅಂತಲೂ ಗೊತ್ತಿಲ್ಲ. ಅಲ್ಲಿ ನನ್ನ ಹೆಸರಿನಲ್ಲಿ ಹೆಲ್ಮೆಟ್ ಇಲ್ಲದೆ ಓಡಾಡಿದ ಕೇಸ್ ಬಿದ್ದಿದ್ದವು.

ಹೊರಗೆ ಬಂದರೆ ಇನ್ನೊಂದು ಸಮಸ್ಯೆ. ನಾನು ಗಾಡಿ ಮೇಲೆ ಬಂದಿದ್ದೆ. ಲೈಸನ್ಸ್ ಬಂದ್ ಆಗಿದೆ ಅಂತ ಗೊತ್ತಾದ ಮೇಲೆ ಹತ್ತುವುದು ಹೇಗೆ? ಮಧ್ಯಾಹ್ನ ಎರಡು ಗಂಟೆ, ಏಪ್ರಿಲ್ 22, ಕಲಬುರಗಿ ಬಿಸಿಲು. ಸೀಟ್ ಮೇಲೆ ರೊಟ್ಟಿ ಬೇಯಿಸಬಹುದಿತ್ತು. ನಮ್ಮ ಮನೆಯವರಿಗೆ ಫೋನ್ ಮಾಡಿದೆ. ಅವರು ಆಟೋದಲ್ಲಿ ಬಂದು ಗಾಡಿ ತೆಗೆದರು, ನಾನು ಹಿಂದೆ ಕೂತೆ. ದಾರಿಯುದ್ದಕ್ಕೂ ಅವರು ಏನೂ ಕೇಳಲಿಲ್ಲ. ಮನೆ ಹತ್ತಿರ ಬಂದ ಮೇಲೆ ಒಂದೇ ಮಾತು: "ಏನ್ ಮಾಡೀದಿ ಖರೆ ಹೇಳು."

ಮಾಡಿದ್ದು ಏನು ಅಂತ ನನಗೂ ರಾತ್ರಿ ಹೊಳೆಯಿತು. ಹಿಂದಿನ ನವೆಂಬರ್‌ನಲ್ಲಿ ಜಗತ್ ಸರ್ಕಲ್ ಹತ್ತಿರ ಪೊಲೀಸರು ನಿಲ್ಲಿಸಿದ್ದರು. ಫೋನನ್ನು ಹೆಲ್ಮೆಟ್ ಒಳಗೆ ಕಿವಿಗೆ ಸಿಕ್ಕಿಸಿ ಮಾತಾಡುತ್ತಾ ಹೋಗುತ್ತಿದ್ದೆ. ನಾನು ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಲಾರಿಯ ತೂಕದ ಚೀಟಿ ಎಲ್ಲಿಟ್ಟಿದ್ದೀರಿ ಅಂತ ಮಾಲೀಕರು ಫೋನ್ ಮಾಡಿದ್ದರು. ಎತ್ತದಿದ್ದರೆ ಮತ್ತೆ ಮತ್ತೆ ಮಾಡುತ್ತಾರೆ. ಪೊಲೀಸರು ನನ್ನ ಲೈಸನ್ಸ್ ನಂಬರ್ ಬರೆದುಕೊಂಡರು, ದಂಡ ಹಾಕಿದರು. ಅಲ್ಲೇ ಕಟ್ಟಿ ರಸೀದಿ ತಗೊಂಡೆ. ಮುಗೀತು ಅಂದುಕೊಂಡೆ.

ಅಲ್ಲೇ ನಾನು ತಪ್ಪಿದ್ದು. ದಂಡ ಬೇರೆ, ಅಮಾನತು ಬೇರೆ. ಗಾಡಿ ಓಡಿಸುತ್ತಾ ಫೋನಿನಲ್ಲಿ ಮಾತಾಡಿದರೆ, ಸಿಗ್ನಲ್ ಹಾರಿದರೆ, ಕುಡಿದು ಓಡಿಸಿದರೆ, ಲಾರಿಗೆ ಜಾಸ್ತಿ ಲೋಡ್ ಹಾಕಿದರೆ, ಕನಿಷ್ಠ ಮೂರು ತಿಂಗಳು ಲೈಸನ್ಸ್ ತಡೆಹಿಡಿಯಬೇಕು ಅಂತ ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಹೇಳಿದೆ. ಪೊಲೀಸರು ಆರ್‌ಟಿಒಗೆ ಬರೆಯುತ್ತಾರೆ. ಆರ್‌ಟಿಒದವರು ಯಾಕೆ ಅಮಾನತು ಮಾಡಬಾರದು ಅಂತ ನೋಟಿಸ್ ಕಳಿಸುತ್ತಾರೆ. ಉತ್ತರ ಕೊಡದಿದ್ದರೆ ಆದೇಶ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಹಾಗಾದರೆ ನೋಟಿಸ್ ಎಲ್ಲಿ? ಲೈಸನ್ಸಿನಲ್ಲಿ ಬರೆದ ವಿಳಾಸ ಬ್ರಹ್ಮಪುರದ ಹಳೇ ಬಾಡಿಗೆ ಮನೆಯದು. ನಾವು ಅಲ್ಲಿಂದ ಸೇಡಂ ರಸ್ತೆ ಕಡೆ ಬಂದು ನಾಲ್ಕು ವರ್ಷ. ಮರುದಿನ ಅಲ್ಲಿಗೆ ಹೋದೆ. ಮನೆ ಮಾಲಕಿ ಅಜ್ಜಿ ಕೂಡಿಸಿ ನೀರು ಕೊಟ್ಟು, ಮಕ್ಕಳು ಎಷ್ಟನೇತ್ತೆ ಅಂತ ಕೇಳಿ, ಆಮೇಲೆ ಗೋಡೆಯ ಶರಣಬಸಪ್ಪನ ಫೋಟೋ ಹಿಂದೆ ಕೈ ಹಾಕಿದರು. ಎರಡು ಲಕೋಟೆ ಬಂದವು.

"ಸರ್ಕಾರಿ ಕಾಗದ ಅದಾವಂತ ದೇವರ ಹಿಂದ ಇಟ್ಟೀನವ್ವಾ. ನೀ ಬರ್ತಿ, ಕೊಡಮಂತ ಅನಕೊಂಡಿದ್ದೆ."

ಒಂದು ಡಿಸೆಂಬರಿನ ನೋಟಿಸ್. ಇನ್ನೊಂದು ಆದೇಶ. ಮಾರ್ಚ್ 3ರಿಂದ ಜೂನ್ 2ರವರೆಗೆ ಅಮಾನತು. ಅಂದರೆ ಐವತ್ತು ದಿನ ನಾನು ಬಂದ್ ಆದ ಲೈಸನ್ಸ್ ಇಟ್ಟುಕೊಂಡು ದಿನಾ ಹುಮನಾಬಾದ್ ರಸ್ತೆಯಲ್ಲಿ ಓಡಾಡಿದ್ದೆ. ಅಜ್ಜಿಯನ್ನು ಬೈಯುವುದು ಹೇಗೆ? ಅವರು ದೇವರಿಗೆ ಒಪ್ಪಿಸಿದ್ದರು. ವಿಳಾಸ ಬದಲಿಸದೆ ಕೂತವಳು ನಾನು.

ಆರ್‌ಟಿಒ ಆಫೀಸಿಗೆ ಮೊದಲ ದಿನ ಮೂರು ಗಂಟೆಗೆ ಹೋದೆ. ಗೇಟಿನಲ್ಲಿ ನಾಯಿ ಮಲಗಿತ್ತು, ಅಷ್ಟೇ. ಏಪ್ರಿಲ್, ಮೇ ಎರಡು ತಿಂಗಳು ನಮ್ಮ ಕಡೆ ಸರ್ಕಾರಿ ಆಫೀಸು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಇಲ್ಲೇ ಹುಟ್ಟಿ ಬೆಳೆದವಳು, ಆದರೂ ಮರೆತಿದ್ದೆ. ಮಿಲ್ಲಿಗೆ ಬಿಸಿಲಿನ ರಜೆ ಇಲ್ಲ, ಅದಕ್ಕೇ ಇರಬೇಕು.

ಎರಡನೇ ದಿನ ಎಂಟಕ್ಕೇ ಹೋದೆ. ಗೇಟಿನ ಹೊರಗೆ ಮರದ ಕೆಳಗೆ ಒಬ್ಬ ಟೇಬಲ್ ಹಾಕಿಕೊಂಡು ಕೂತಿದ್ದ. ನನ್ನ ಕೈಯಲ್ಲಿ ಲಕೋಟೆ ಕಂಡದ್ದೇ ತಡ ಎದ್ದು ಬಂದ. "ಸಸ್ಪೆಂಡ್ ಏನ್ರಿ ಮೇಡಂ? ಮೂರೂವರಿ ಸಾವಿರ ಕೊಡ್ರಿ, ನಾಳಿಗೇ ತೆಗಸಿಬಿಡ್ತೀನಿ. ಒಳಗ ಹೋಗೋ ಕೆಲಸಿಲ್ಲ ನೀವು." ಸುಳ್ಳು ಹೇಳುವುದಿಲ್ಲ, ನನ್ನ ಕೈ ಪರ್ಸಿಗೆ ಹೋಗಿತ್ತು. ತಡೆದದ್ದು ನಮ್ಮ ಮಿಲ್ಲಿನ ಲಾರಿ ಡ್ರೈವರ್ ಚಾಚಾ ಹಿಂದಿನ ದಿನ ಹೇಳಿದ ಮಾತು. ಅವರ ಲೈಸನ್ಸೂ ಒಮ್ಮೆ ಹೀಗೇ ಬಂದ್ ಆಗಿತ್ತು, ಲೋಡ್ ಜಾಸ್ತಿ ಹಾಕಿದ್ದಕ್ಕೆ.

"ಬೇಟಿ, ರೊಕ್ಕ ಕೊಟ್ರ ದಿನ ಕಮ್ಮಿ ಆಗಂಗಿಲ್ಲ. ನಾ ಕೊಟ್ಟು ನೋಡೀನಿ. ರೊಕ್ಕಾನೂ ಹೋಯ್ತು, ಮೂರು ತಿಂಗಳೂ ಹೋದ್ವು."

ಕೈ ಹಿಂದೆ ತೆಗೆದು ಒಳಗೆ ಹೋದೆ.

ಒಳಗೆ ಒಬ್ಬ ಹೆಣ್ಣುಮಗಳು ಟೇಬಲ್ ಮೇಲೆ ಇದ್ದರು. ನನ್ನಷ್ಟೇ ವಯಸ್ಸು. ಆದೇಶ ಓದಿ, ಕಂಪ್ಯೂಟರ್ ನೋಡಿ, ನಿಧಾನಕ್ಕೆ ಎಲ್ಲ ಹೇಳಿದರು. ಆದೇಶ ಕೈ ಸೇರಿದ ಮೂವತ್ತು ದಿನದೊಳಗೆ ಮೇಲ್ಮನವಿ ಹಾಕಬಹುದು. ಹಾಕ್ತೀರಾ? ನಾನು ಯೋಚನೆ ಮಾಡಿದೆ. ಹಾಕಿ ಏನಂತ ಹೇಳಲಿ? ಫೋನಿನಲ್ಲಿ ಮಾತಾಡಿದ್ದು ನಿಜ. ಮನವಿ ವಿಚಾರಣೆಗೆ ಬರುವಷ್ಟರಲ್ಲಿ ಜೂನ್ ಬಂದಿರುತ್ತದೆ. ಬೇಡ ಅಂದೆ. ಕಾರ್ಡ್ ಒಪ್ಪಿಸಬೇಕು ಅಂದರು, ಕೊಟ್ಟೆ. ಇಪ್ಪತ್ತು ವರ್ಷ ಪರ್ಸಿನಲ್ಲಿದ್ದ ಕಾರ್ಡು. ಫೋಟೋದಲ್ಲಿ ಎರಡು ಜಡೆ.

"ಜೂನ್ 2ರ ತನಕ ಗಾಡಿ ಮುಟ್ಟಬ್ಯಾಡ್ರಿ ಮೇಡಂ. ಸಿಕ್ಕ್ರ ಅದು ಬ್ಯಾರೇನೇ ಕೇಸು," ಅಂದರು. ಅಮಾನತಿನಲ್ಲಿರುವಾಗ ಓಡಿಸಿದರೆ ಕಾನೂನಿನಲ್ಲಿ 10,000 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಐವತ್ತು ದಿನ ಓಡಿಸಿದ್ದೀನಿ ಅಂತ ಅವರ ಮುಂದೆ ಬಾಯಿ ಬಿಡಲಿಲ್ಲ.

ಮೇ 17ಕ್ಕೆ ಅವಧಿಯೇ ಮುಗಿದುಹೋಗುತ್ತದಲ್ಲ, ಆಮೇಲೆ ಮತ್ತೆ ಎಂಟು ಹೊಡೆದು ತೋರಿಸಬೇಕಾ ಅನ್ನುವುದು ನನ್ನ ದೊಡ್ಡ ಭಯ. ಬೇಡವಂತೆ. ಅವಧಿ ಮುಗಿದು ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಪರೀಕ್ಷೆ ಇಲ್ಲ. ಅದೊಂದು ಸಮಾಧಾನ.

ಆಮೇಲೆ ಹಳೇ ಸ್ಕೂಟಿ ಬಗ್ಗೆ ಕೇಳಿದೆ. 2019ರಲ್ಲಿ ಕೊಟ್ಟುಬಿಟ್ಟೀನ್ರಿ, ಅದರ ಕೇಸು ನನಗ್ಯಾಕೆ ಅಂದೆ.

"ಫಾರ್ಮ್ 29, 30 ಕೊಟ್ಟೀರೇನು?"

ಗಾಡಿ ಮಾರಿದಾಗ ಕೊಂಡವರ ಹೆಸರಿಗೆ ವರ್ಗಾಯಿಸಲು ಕೊಡುವ ಫಾರ್ಮುಗಳವು. ಎಲ್ಲಿಯ ಫಾರ್ಮು? ಗಾಡಿ ತಗೊಂಡವನು ನನ್ನ ಸೋದರಮಾವನ ಮಗ. ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ. 18,000 ರೂಪಾಯಿ ಅಪ್ಪನ ಕೈಗೆ ಕೊಟ್ಟ, ಊಟ ಮಾಡಿದ, ಗಾಡಿಯನ್ನು ರೈಲಿನಲ್ಲಿ ಹಾಕಿಸಿಕೊಂಡು ಹೋದ. ಮನೆ ಹುಡುಗನ ಹತ್ತಿರ ಸಹಿ ಕೇಳುವುದು ಹೇಗೆ? ಕೇಳಿದ್ದರೆ ಅತ್ತೆ ಒಂದು ವರ್ಷ ಮಾತು ಬಿಡುತ್ತಿದ್ದರು. ಹಾಗಾಗಿ ಗಾಡಿ ಹೋಯಿತು, ಆರ್‌ಸಿಯಲ್ಲಿ ಹೆಸರು ಮಾತ್ರ ನಂದೇ ಉಳಿಯಿತು. ಅದರಲ್ಲಿದ್ದ ಮೊಬೈಲ್ ನಂಬರೂ ಹಳೇದು, ಹಾಗಾಗಿ ಒಂದು ಮೆಸೇಜೂ ನನಗೆ ಬರಲಿಲ್ಲ.

ಆ ಮೇಡಂ ಇನ್ನೊಂದು ಮಾತು ಹೇಳಿದರು. "ದಂಡದ್ದು ಬಿಡ್ರಿ. ಆ ಗಾಡಿಗೆ ಇನ್ಶೂರನ್ಸ್ ಅದ ಏನಂತ ನೋಡ್ಕೋರಿ ಮೊದಲ."

ಮನೆಗೆ ಬಂದು ನೋಡಿದೆ. ವಿಮೆ 2021ರಲ್ಲೇ ಮುಗಿದಿತ್ತು.

ನಮ್ಮ ಓಣಿಯಲ್ಲಿ ಒಬ್ಬ ವಕೀಲರಿದ್ದಾರೆ. ಸಂಜೆ ಅವರ ಮನೆ ಕಟ್ಟೆ ಮೇಲೆ ಕೂತು ಕೇಳಿದೆ. ಅವರು ಹೇಳಿದ್ದು ಕೇಳಿ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಗಾಡಿ ಮಾರಿದ್ದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಆ ಗಾಡಿ ನಾಳೆ ಬೆಂಗಳೂರಿನಲ್ಲಿ ಯಾರಿಗಾದರೂ ಬಡಿದರೆ, ವಿಮೆಯೂ ಇಲ್ಲ, ಲಕ್ಷಗಟ್ಟಲೆ ನನ್ನ ತಲೆ ಮೇಲೆ. 7000 ರೂಪಾಯಿ ಆಗ ಪುಟಾಣಿಯಂತೆ ಕಂಡಿತು.

ರಾತ್ರಿ ಮಲಗದೆ ಫೋನಿನಲ್ಲಿ ಆ ಹದಿನಾಲ್ಕು ಕೇಸುಗಳ ಫೋಟೋ ತೆಗೆದು ನೋಡಿದೆ. ಕ್ಯಾಮೆರಾ ಹಿಂದಿನಿಂದ ತೆಗೆದ ಫೋಟೋ, ನಂಬರ್ ಪ್ಲೇಟ್ ಕಾಣಬೇಕಲ್ಲ. ನನ್ನ ಮಾವನ ಮಗ ಡೊಳ್ಳು ಹೊಟ್ಟೆಯವನು. ಫೋಟೋದಲ್ಲಿದ್ದವನು ಸಣಕಲ. ಬೆನ್ನ ಮೇಲೆ ಊಟ ತಲುಪಿಸುವವರ ಚೌಕದ ಚೀಲ. ತಲೆ ಬರಿದು. ಒಂದರಲ್ಲಿ ಮಳೆ, ಚೀಲದ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದ, ತನ್ನ ಮೇಲೆ ಅಲ್ಲ. ಒಂದರಲ್ಲಿ ರಾತ್ರಿ ಹನ್ನೊಂದೂವರೆ. ಎರಡರಲ್ಲಿ ಚೀಲ ಇಲ್ಲ, ಹಿಂದೆ ಒಬ್ಬ ಹುಡುಗಿ ಕೂತಿದ್ದಾಳೆ, ಅವಳಿಗೂ ಹೆಲ್ಮೆಟ್ ಇಲ್ಲ. ಹಿಂದಿನ ಲೈಟಿನ ಪಕ್ಕದ ಗೀರು ನನ್ನದು, ಗಂಜ್ ಹತ್ತಿರ ಎತ್ತಿನ ಬಂಡಿಗೆ ತಾಗಿಸಿದ್ದೆ.

ಯಾರಿವನು?

ಬೆಳಗ್ಗೆ ಆರಕ್ಕೇ ಮಾವನ ಮಗನಿಗೆ ಫೋನ್ ಮಾಡಿದೆ.

"ಅಕ್ಕಾ, ಆ ಗಾಡಿ ನನ್ಹಂತ್ಯಾಕ ಎಲ್ಲದ? ಲಾಕ್‌ಡೌನ್‌ದಾಗ ಊರಿಗಿ ಬಂದೆ ನೋಡು, ಆವಾಗ ರೂಮಿನ ಹುಡುಗಗ ಕೊಟ್ಟೆ."

"ಎಷ್ಟಕ್ಕ ಕೊಟ್ಟಿ?"

"ಹನ್ನೆರಡು. ಅವ ಮತ್ತ್ಯಾರಿಗೋ ಕೊಟ್ಟಾನಂತ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಹೆಸರು ಹೊತ್ತುಕೊಂಡ ಗಾಡಿ ಮೂರು ಕೈ ಬದಲಾಗಿತ್ತು. ಪ್ರತಿ ಕೈಯವರೂ ರೊಕ್ಕ ಎಣಿಸಿದ್ದರು, ಯಾರೂ ಒಂದು ಫಾರ್ಮ್ ತುಂಬಿರಲಿಲ್ಲ. ಇವನಿಗೆ ಬೈದೆ. ಅಕ್ಕಾ ಬೈಬ್ಯಾಡ, ಹುಡುಕಿ ಕೊಡ್ತೀನಿ ಅಂದ. ಜೊತೆಗೆ ಒಂದು ಉಪದೇಶವನ್ನೂ ಕೊಟ್ಟ: "ದಂಡ ಈಗೇ ಕಟ್ಟಬ್ಯಾಡ ಮತ್ತ. 2023ರಾಗ ಅರ್ಧಾ ಮಾಫ್ ಮಾಡಿದ್ರಲ್ಲ, ಮತ್ತ ಮಾಡ್ತಾರ ತಡಿ."

ಅದು ನಿಜವೇ. 2023ರ ಫೆಬ್ರುವರಿಯಲ್ಲಿ ಸರ್ಕಾರ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಿತ್ತು. ಜನ ಜಾತ್ರೆಯ ಹಾಗೆ ಸಾಲು ನಿಂತು ಕಟ್ಟಿದ್ದರು. ಸರಿಯಾಗಿ ಕಟ್ಟಿದವರು ಪೆದ್ದರು, ಕಾದವರು ಜಾಣರು ಅನ್ನುವ ಲೆಕ್ಕ ನನಗೆ ಹಿಡಿಸುವುದಿಲ್ಲ. ಆದರೆ 7000 ನನ್ನದಲ್ಲದ ದಂಡ. ಕಾಯೋಣ ಅಂದುಕೊಂಡೆ. ವಿಮೆಯನ್ನು ಮಾತ್ರ ಅವತ್ತೇ ಮಾಡಿಸಿದೆ, ನನ್ನ ದುಡ್ಡಿನಿಂದ. ಬರೀ ಥರ್ಡ್ ಪಾರ್ಟಿ. ಆ ಇಂಜಿನ್ನಿನ ಗಾಡಿಗೆ ವರ್ಷಕ್ಕೆ 714 ರೂಪಾಯಿ, ಮೇಲೆ ಜಿಎಸ್‌ಟಿ. ಯಾರೋ ಓಡಿಸುವ ಗಾಡಿಗೆ ನಾನು ವಿಮೆ ಕಟ್ಟುತ್ತಿದ್ದೇನೆ ಅಂತ ಮನೆಯವರಿಗೆ ಹೇಳಲಿಲ್ಲ.

ಹುಡುಗನ ನಂಬರ್ ಸಿಗಲು ಹನ್ನೊಂದು ದಿನ ಬೇಕಾಯಿತು. ಫೋನ್ ಮಾಡಿದರೆ ಎತ್ತಲಿಲ್ಲ. ರಾತ್ರಿ ಹನ್ನೆರಡಕ್ಕೆ ಅವನೇ ತಿರುಗಿ ಮಾಡಿದ. ಬೆಂಗಳೂರು ಕನ್ನಡ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ನಮ್ಮದೇ ಮಾತು.

"ಯಾರ್ರಿ? ಫೋನ್ ಮಾಡಿದ್ದಿರಂತ. ಆರ್ಡರ್ ಮ್ಯಾಲಿದ್ನಿರಿ."

ಊರು ಯಾವುದಪಾ ಅಂದರೆ ಸುರಪುರ. ಯಾದಗಿರಿ ಜಿಲ್ಲೆ. ನನ್ನ ತವರಿನ ಕಡೆಯವರಿಗೆ ಸುರಪುರದಲ್ಲಿ ಅರ್ಧ ಊರು ಬಳಗ. ಬೈಯಲು ಇಟ್ಟುಕೊಂಡಿದ್ದ ಮಾತೆಲ್ಲ ಅಲ್ಲೇ ತಣ್ಣಗಾಯಿತು. ಗಾಡಿ ನನ್ನ ಹೆಸರಲ್ಲಿದೆ, ಹದಿನಾಲ್ಕು ಕೇಸು ಬಿದ್ದಿವೆ ಅಂದಾಗ ಆ ಕಡೆ ಸುಮ್ಮನಾದ. ಅವನಿಗೆ ಎರಡು ಮಾತ್ರ ಗೊತ್ತಿತ್ತು. ಕ್ಯಾಮೆರಾದವು ಮೆಸೇಜ್ ಬರುವುದು ಮಾಲೀಕರಿಗೆ, ಓಡಿಸುವವನಿಗೆ ಹೇಗೆ ಗೊತ್ತಾಗಬೇಕು?

"ಒಮ್ಮೇಕೇ ಆಗಂಗಿಲ್ರಿ ಅಕ್ಕಾರ. ವಾರಕ್ಕ ಐದುನೂರಂಗ ಹಾಕ್ತೀನಿ. ನಡೀತದೇನ್ರಿ?"

ನಡೀತದೆ ಅಂದೆ. ಹೆಲ್ಮೆಟ್ ಯಾಕೆ ಹಾಕಲ್ಲ ಅಂತ ಕೇಳಿದೆ. ಮನೆ ಹುಡುಕುತ್ತಾ ಫೋನ್ ಕಿವಿಗೆ ಇಟ್ಟುಕೊಳ್ಳಬೇಕು, ಹೆಲ್ಮೆಟ್ ಇದ್ದರೆ ಕೇಳಿಸಲ್ಲ ಅಂದ. ನಾನು ಯಾವ ಬಾಯಿಂದ ಬುದ್ಧಿ ಹೇಳಲಿ? ಫೋನಿನ ಸಲುವಾಗಿಯೇ ನನ್ನ ಲೈಸನ್ಸ್ ಹೋಗಿತ್ತು. ಹೆಲ್ಮೆಟ್ ಇಲ್ಲದಿದ್ದಕ್ಕೂ ಕಾನೂನಿನಲ್ಲಿ ಮೂರು ತಿಂಗಳ ಅಮಾನತು ಬರೆದಿದೆ, ದಂಡ ಕೇಂದ್ರದ ಲೆಕ್ಕದಲ್ಲಿ 1000, ನಮ್ಮ ರಾಜ್ಯ 500ಕ್ಕೆ ಇಳಿಸಿದೆ ಅಂತ ಮಾತ್ರ ಹೇಳಿದೆ. ಹೌದೇನ್ರಿ ಅಂದ.

ಇತ್ತ ನನ್ನ ದಿನಗಳು ಬಸ್ಸಿನಲ್ಲಿ. ಸೇಡಂ ರಸ್ತೆಯಿಂದ ಸೂಪರ್ ಮಾರ್ಕೆಟ್, ಅಲ್ಲಿಂದ ಕಪನೂರ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಪುಕ್ಕಟೆ. ನಾನು ಅದುವರೆಗೆ ಒಮ್ಮೆಯೂ ಹತ್ತಿರಲಿಲ್ಲ. ಆಧಾರ್ ತೋರಿಸಿ ಸೊನ್ನೆ ರೂಪಾಯಿ ಟಿಕೆಟ್ ತಗೊಂಡೆ. ನನ್ನ ಶಿಕ್ಷೆಯ ಖರ್ಚು ಸರ್ಕಾರವೇ ಕೊಡುತ್ತಿದೆಯಲ್ಲ ಅಂತ ನಗು ಬಂತು. ಪೆಟ್ರೋಲಿನಲ್ಲಿ ತಿಂಗಳಿಗೆ ಎಷ್ಟು ಉಳಿಯಿತು ಅಂತ ಬರೆದಿಟ್ಟಿದ್ದೆ, ಲೆಕ್ಕದವಳ ಚಟ. ಬಸ್ ಇಳಿದು ಮಿಲ್ಲಿನವರೆಗೆ ನಡೆಯುವುದೇ ಕಷ್ಟ. ಒಂಬತ್ತು ಗಂಟೆಗೇ ಡಾಂಬರು ಮೆತ್ತಗಾಗಿರುತ್ತಿತ್ತು. ಹಮಾಲರು ತೊಗರಿ ಚೀಲ ಹೊರುತ್ತಾ ನನ್ನ ನೋಡಿ, "ಗಾಡಿ ಎಲ್ಲಿ ಬಿಟ್ರಿ ಮೇಡಂ?" ಅಂತ ದಿನಾ ಕೇಳುವರು. ರಿಪೇರಿಗೆ ಬಿಟ್ಟೀನಿ ಅನ್ನುತ್ತಿದ್ದೆ. ಒಂದು ತಿಂಗಳಾದ ಮೇಲೆ ಒಬ್ಬ, "ಯಾವ ಮೇಸ್ತ್ರಿ ಹತ್ರ ಬಿಟ್ಟೀರಿ? ಅವಗ ಕೊಡಬ್ಯಾಡ್ರಿ ಇನ್ನ," ಅಂದ. ಚಾಚಾ ಮೂಲೆಯಲ್ಲಿ ಬೀಡಿ ಸೇದುತ್ತಾ ನಗುತ್ತಿದ್ದರು.

ಮಾಲೀಕರಿಗೂ ಹೇಳಿದೆ. ನಿಮ್ಮ ಫೋನ್ ಎತ್ತಿದ್ದಕ್ಕೆ ಹೀಗಾಯ್ತು ಅಂತ. "ಎತ್ತಬಾರದಿತ್ತಲ್ರಿ" ಅಂದರು. ಅಷ್ಟೇ.

ಜೂನ್ 2 ಸೋಮವಾರ ಮುಗಿಯಿತು. 2019ರ ತಿದ್ದುಪಡಿಯ ಪ್ರಕಾರ ಅಮಾನತಾದವರು ಮತ್ತೆ ತರಬೇತಿ ಪಡೆಯಬೇಕು. ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕೂತೆ. ಉಳಿದವರೆಲ್ಲ ಲಾರಿ, ಟಂಟಂ ಓಡಿಸುವವರು. ನಾನೊಬ್ಬಳೇ ಹೆಂಗಸು. ಏನು ಮಾಡಿ ಬಂದೀರಿ ಅಂತ ಪಕ್ಕದವನು ಕೇಳಿದ. ಫೋನ್ ಅಂದೆ. ಅವನು ತಾನು ಏನು ಮಾಡಿದ್ದು ಅಂತ ಹೇಳಲಿಲ್ಲ. ಪ್ರಮಾಣಪತ್ರ ತಂದು ಕೊಟ್ಟ ಮೇಲೆ ಅಮಾನತು ತೆಗೆದರು.

ಆಮೇಲಿನದು ಸಲೀಸು. ವಿಳಾಸ ಬದಲಾವಣೆ, ನವೀಕರಣ ಎರಡಕ್ಕೂ ಅರ್ಜಿ. ನಲವತ್ತು ದಾಟಿದವರಿಗೆ ಡಾಕ್ಟರ ಸರ್ಟಿಫಿಕೇಟ್ ಬೇಕು, ಫಾರ್ಮ್ 1ಎ. ಡಾಕ್ಟರು ಗೋಡೆಯ ಅಕ್ಷರ ಓದಿಸಿದರು. ಕೊನೆಯ ಸಾಲು ಮಸುಕಾಗಿತ್ತು. ಕನ್ನಡಕದ ವಿಷಯ ಆವತ್ತೇ ಗೊತ್ತಾದದ್ದು, ಅದು ಬೇರೆ ಕಥೆ. ಅಂಗಡಿಯ ಅದೇ ಹುಡುಗ ಅರ್ಜಿ ತುಂಬಿದ. "ಈಗ ಹೋತ್ರಿ ಮುಂದ" ಅಂದ. ಮೊಬೈಲ್ ನಂಬರನ್ನು ಎರಡು ಸಲ ಓದಿಸಿ ನೋಡಿದೆ.

ಹೊಸ ಕಾರ್ಡ್ ಸ್ಪೀಡ್ ಪೋಸ್ಟಿನಲ್ಲಿ ಬಂತು. ಬರುವ ದಿನ ನಾನು ಗಾಡಿ ಮೇಲೆ ಅನ್ನಪೂರ್ಣ ಕ್ರಾಸ್ ಹತ್ತಿರ ಇದ್ದೆ. ಚೀಲದಲ್ಲಿ ಫೋನ್ ಬಡಕೊಳ್ಳುತ್ತಿತ್ತು. ಎತ್ತಲಿಲ್ಲ. ಮಿಲ್ಲಿಗೆ ಹೋಗಿ ನೋಡಿದರೆ ಪೋಸ್ಟ್‌ಮನ್. ಮನೆ ಬಾಗಿಲು ಹಾಕಿತ್ತು, ವಾಪಸ್ ಹೋಗಿದ್ದ. ನಾಳೆ ತರ್ತೀನಿ ಬಿಡ್ರಿ ಅಂದ.

ಸುರಪುರದ ಹುಡುಗ ಮೇ ತಿಂಗಳಿಂದ ವಾರಕ್ಕೆ 500 ಹಾಕುತ್ತಿದ್ದ. ಎರಡು ವಾರ ತಪ್ಪಿಸಿದ, ಜ್ವರ ಅಂದ. ಮೊದಲು ಬಂದ ದುಡ್ಡಿನಲ್ಲಿ ನನ್ನ ವಿಮೆಯ ಖರ್ಚು ಮುರಿದುಕೊಂಡೆ, ಅವನಿಗೆ ಹೇಳಿಯೇ. ಉಳಿದದ್ದನ್ನು ಬೇರೆ ಇಟ್ಟಿದ್ದೆ. ಆಗಸ್ಟ್ ಹೊತ್ತಿಗೆ ಇನ್ನು ತಡ ಬೇಡ, ಕಟ್ಟಿಬಿಡೋಣ ಅಂದುಕೊಳ್ಳುತ್ತಿದ್ದಾಗ ಮಾವನ ಮಗನ ಫೋನ್.

"ಅಕ್ಕಾ! ಹೇಳಿದ್ನಿಲ್ಲ? ಮಾಡಿದ್ರು ನೋಡು ಅರ್ಧಾ!"

ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಬಾಕಿ ಇ-ಚಲನ್‌ಗಳಿಗೆ ಶೇ 50 ರಿಯಾಯಿತಿ. ಇಡೀ ವಿಷಯದಲ್ಲಿ ಅವನು ಮಾಡಿದ ಉಪಕಾರ ಅದೊಂದೇ, ಅದನ್ನೂ ಸರ್ಕಾರ ಮಾಡಿದ್ದು. 7000 ಹೋಗಿ 3500 ಆಯಿತು. ಒಂದೊಂದೇ ಕೇಸ್ ಟಿಕ್ ಮಾಡಿ ಕಟ್ಟಿದೆ. ಮಳೆಯ ಫೋಟೋದ್ದು, ರಾತ್ರಿ ಹನ್ನೊಂದೂವರೆಯದ್ದು, ಹುಡುಗಿ ಕೂತದ್ದು. ಹುಡುಗನ ದುಡ್ಡು ಇನ್ನೂ ಉಳಿದಿತ್ತು. ವಾಪಸ್ ಹಾಕಿದೆ. "ಯಾಕ್ರಿ ಅಕ್ಕಾರ?" ಅಂತ ಗಾಬರಿಯಿಂದ ಫೋನ್ ಮಾಡಿದ. ಅರ್ಧ ಮಾಫ್ ಆಗಿದೆ ಅಂದರೆ ಅವನಿಗೆ ನಂಬಿಕೆಯೇ ಬರಲಿಲ್ಲ. ಅದರಲ್ಲಿ ಹೆಲ್ಮೆಟ್ ತಗೋ ಅಂದೆ. ತಗೋತೀನ್ರಿ ಅಂದ.

ಚಲನ್ ಬಾಕಿ ಇದ್ದರೆ ವರ್ಗಾವಣೆ ಮುಂದೆ ಹೋಗುವುದಿಲ್ಲ, ಹಾಗಾಗಿ ಈಗ ದಾರಿ ಬಿಟ್ಟಿತು. ಫಾರ್ಮ್ 29, 30ಕ್ಕೆ ಸಹಿ ಹಾಕಿ, ಆರ್‌ಸಿ ಜೊತೆ ಕೊರಿಯರ್ ಮಾಡಿದೆ. ಮಧ್ಯದ ಇಬ್ಬರು ಕಾಗದದಲ್ಲಿ ಎಲ್ಲೂ ಇಲ್ಲ. ನಾನು ನೇರ ಅವನಿಗೇ ಮಾರಿದ ಹಾಗೆ. ಅವನು ಹೊಗೆ ತಪಾಸಣೆ ಮಾಡಿಸಿ, ಅಲ್ಲಿಯ ಆರ್‌ಟಿಒದಲ್ಲಿ ಕೊಟ್ಟ. ಗಾಡಿಯ ವರ್ಗಾವಣೆ ಶುಲ್ಕ 150. ಆರು ವರ್ಷದ ಹಿಂದೆ ಅತ್ತೆ ಮುನಿಸಿಕೊಂಡರೂ ಪರವಾಗಿಲ್ಲ ಅಂತ ಆ 150 ಕಟ್ಟಿಸಿದ್ದರೆ ಸಾಕಿತ್ತು. ನನ್ನ ಮೊಬೈಲಿಗೆ ಒಟಿಪಿ ಬಂದಾಗ ಮಿಲ್ಲಿನಲ್ಲಿದ್ದೆ. ಓದಿ ಹೇಳಿದೆ. ಅದು ನನ್ನ ಮೊದಲ ಗಾಡಿಯ ಕೊನೆಯ ಕೆಲಸ.

ದಸರೆ ಮುಗಿದ ವಾರ ವಾಟ್ಸಾಪಿಗೆ ಹೊಸ ಆರ್‌ಸಿಯ ಫೋಟೋ ಬಂತು. ಅವನ ಹೆಸರು, ಸುರಪುರದ ವಿಳಾಸ ಅಲ್ಲ, ಬೆಂಗಳೂರಿನ ರೂಮಿನದು. "ಆತ್ರಿ ಅಕ್ಕಾರ" ಅಂತ ಬರೆದಿದ್ದ. ಆರು ತಿಂಗಳು ಆ ಹುಡುಗನ ಬೆನ್ನು ನೋಡಿದ್ದೆ. ಮುಖ ನೋಡಿರಲಿಲ್ಲ. ಮೇಲೆ ಸಣ್ಣ ವೃತ್ತದಲ್ಲಿ ಅವನ ಪ್ರೊಫೈಲ್ ಫೋಟೋ ಇತ್ತು, ಒತ್ತಿ ದೊಡ್ಡದು ಮಾಡಿದೆ. ನನ್ನ ಹಳೇ ಸ್ಕೂಟಿ ಮೇಲೆ ಕಾಲು ಚಾಚಿ ಕೂತು, ಕರೀ ಕನ್ನಡಕ ಹಾಕಿಕೊಂಡು, ಹಲ್ಲು ಬಿಟ್ಟು ನಗುತ್ತಿದ್ದ. ಹೊಸ ಹೆಲ್ಮೆಟ್ ಕನ್ನಡಿಗೆ ನೇತು ಹಾಕಿದ್ದ.